ಅಲ್ಬರಾಸಿನ್‌ಗೆ ಹೋಗಿ ಬಂದವರು

"ಸ್ಪೇನ್ ಹೆಂಗಿತ್ತವಾ ಸಂಧ್ಯಾ? ಎಲ್ಲಾರೂ ನಿನ್ನ ಬಾಯಿಂದನ ಕೇಳಬೇಕಂತ ಕುಂತಾರ ನೋಡು."

ಪರಾತದಲ್ಲಿ ಅಕ್ಕಿ ಹರವುತ್ತ ಬಸಕ್ಕ ಹೀಗೆ ಕೇಳಿದಾಗ ಸಂಧ್ಯಾರಾಣಿ ಕೊಬ್ಬರಿ ಬಟ್ಟಲುಗಳನ್ನು ಒರೆಸಿಡುತ್ತಿದ್ದಳು. ಸಿಡ್ನಿಯ ಪೆಂಡಲ್ ಹಿಲ್‌ನ ಆ ಮನೆಯ ಹಾಲಿನಲ್ಲಿ ಸೋಫಾಗಳನ್ನೆಲ್ಲ ಗೋಡೆಗೆ ಒತ್ತಿ, ನಡುವೆ ಜಮಖಾನ ಹಾಸಿ, ಹೆಂಗಸರು ಹೂ ಕಟ್ಟುತ್ತ ಕೂತಿದ್ದರು. ಬಸಕ್ಕನ ಮಗಳು ಅನಘಾಗೆ ಏಳನೇ ತಿಂಗಳು, ಅವತ್ತು ಅವಳ ಕುಬಸ, ಅಂದರೆ ಸೀಮಂತ. ವಿಸಿಟರ್ ವೀಸಾದ ಮೇಲೆ ಹುಬ್ಬಳ್ಳಿಯಿಂದ ಬಂದ ಬಸಕ್ಕ ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ ಎಲ್ಲವನ್ನೂ ಸೂಟ್‌ಕೇಸಿನಲ್ಲಿ ತುರುಕಿಕೊಂಡು ಬಂದಿದ್ದಳು. ವೀಳ್ಯದೆಲೆಯನ್ನು ಮಾತ್ರ ಏರ್‌ಪೋರ್ಟಿನಲ್ಲೇ ಬಿಟ್ಟು ಬರಬೇಕಾಗಿ, ಆ ಸಂಕಟವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಸಂಧ್ಯಾರಾಣಿ ಸ್ಪೇನಿಗೆ ಹೋಗಿರಲಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ: ಅವಳಿಗೆ, ಮತ್ತೆ ಅಡುಗೆಮನೆಯ ಬಾಗಿಲಲ್ಲಿ ಗಂಡಸರ ಜೊತೆ ಚಹಾ ಹಿಡಿದು ನಿಂತಿದ್ದ ಅವಳ ಗಂಡ ಶಂಭುಲಿಂಗನಿಗೆ.

ಮೂರು ವರ್ಷದ ಹಿಂದೆ ಸಂಧ್ಯಾರಾಣಿಯ ಕುಬಸಕ್ಕೂ ಸಿಡ್ನಿಯ ಅರ್ಧ ಕನ್ನಡಿಗರು ಸೇರಿದ್ದರು. ಆ ಮಗು ಉಳಿಯದೆ ಹೋದಾಗ ಅದೇ ಮಂದಿ ಮತ್ತೆ ಬಂದರು. ಪಾಪ, ಕೆಟ್ಟವರು ಯಾರೂ ಅಲ್ಲ. ಡಬ್ಬಿ ತುಂಬ ಸಾರು ತಂದರು, ಜೊತೆಗೆ ತಲೆಗೊಂದು ಕಾರಣವನ್ನೂ ತಂದರು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದು ತಪ್ಪಾಯಿತು ಎಂದರು, ಅಷ್ಟು ಜನರನ್ನು ಕರೆಯಬಾರದಿತ್ತು, ಕಣ್ಣು ಬಿತ್ತು ಎಂದರು. ಆಮೇಲೆ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗಲೂ ಯಾರಾದರೊಬ್ಬರು ಭುಜ ಮುಟ್ಟಿ, "ಮತ್ತೆ ಏನಾದ್ರೂ ನ್ಯೂಸ್?" ಎಂದು ಮುಖ ಬಿಟ್ಟು ಹೊಟ್ಟೆ ನೋಡುತ್ತಿದ್ದರು. ಅದಕ್ಕೇ ಈ ಸಲ ಗಂಡ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡರು. ಮಗು ಕೈಗೆ ಬಂದಮೇಲೇ ಮಾತು ಎಂದುಕೊಂಡರು.

ಐದನೇ ತಿಂಗಳಿನವರೆಗೆ ವರ್ಕ್ ಫ್ರಮ್ ಹೋಮ್ ಮತ್ತು ದಪ್ಪ ಜಾಕೆಟ್ ಅವಳನ್ನು ಕಾಪಾಡಿದವು. ಡಾಕ್ಟರು ಪೂರ್ತಿ ಬೆಡ್ ರೆಸ್ಟ್ ಬೇಕೆಂದಾಗ ಪೇಚಾಟ ಶುರುವಾಯಿತು. ಸಿಡ್ನಿಯ ಯಾವ ಆಸ್ಪತ್ರೆಗೆ ಹೋದರೂ ಗುರುತಿನ ಮುಖವೊಂದು ಎದುರಾಗದೇ ಇರುವುದಿಲ್ಲ. ಶಂಭುಲಿಂಗ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಲಾಂಗ್ ಸರ್ವಿಸ್ ಲೀವ್ ಹಾಕಿ, ಮೆಲ್ಬರ್ನ್‌ನ ವೆರಿಬೀಯಲ್ಲಿ ಒಂದು ಮನೆಯನ್ನು ರೆಂಟಿಗೆ ಹಿಡಿದ. ಅಲ್ಲೂ ನಮ್ಮವರು ಬೇಕಾದಷ್ಟಿದ್ದಾರೆ, ಆದರೆ ಇವರನ್ನು ಬಲ್ಲವರಲ್ಲ. ಊರಿನವರಿಗೂ ಸಿಡ್ನಿಯವರಿಗೂ ಸ್ಪೇನ್ ಟ್ರಿಪ್ ಎಂದು ಹೇಳಿದ್ದಾಯಿತು. ಬಾರ್ಸಿಲೋನಾ ಎಂದರೆ ಹೋಗಿ ಬಂದವರು ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಯಾರೂ ಹೆಸರೇ ಕೇಳಿರದ ಬೆಟ್ಟದೂರೊಂದನ್ನು ಸಂಧ್ಯಾರಾಣಿ ಹುಡುಕಿ ತೆಗೆದಳು.

ಅಲ್ಬರಾಸಿನ್. ಮೊದಮೊದಲು ಸುಳ್ಳಿಗೆ ಬೇಕಾದಷ್ಟನ್ನೇ ಓದಿದಳು. ಆದರೆ ಹಗಲೆಲ್ಲ ಎಡ ಮಗ್ಗುಲಾಗಿ ಮಲಗಿರುವವಳಿಗೆ ಬೇರೇನು ಕೆಲಸ? ಓದುತ್ತ ಓದುತ್ತ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಟ್ಟಿಯಾಗಿ ಹೇಳತೊಡಗಿದಳು. ಇವತ್ತು ಕೋಟೆಗೆ ಹೋಗೋಣ, ನಾಳೆ ಜಲಪಾತಕ್ಕೆ. ರೋಮನರು ಬೆಟ್ಟ ಕೊರೆದು ನೀರು ಹರಿಸಿದ ಸುರಂಗದ ಬಗ್ಗೆ ಓದಿದ ದಿನ, "ಒಳಗ ಕತ್ತಲ ಅದ, ಹೆದರಬ್ಯಾಡ, ನಾ ಅದೀನಿ," ಎಂದಳು. ಒಳಗಿನಿಂದ ಒಂದು ಒದೆ ಬಿತ್ತು. ಶಂಭುಲಿಂಗ ಇಂಟರ್ನೆಟ್ಟಿನ ಫೋಟೋಗಳನ್ನು ವಾರಕ್ಕೊಮ್ಮೆ ಸಿಡ್ನಿಯ ಗ್ರೂಪಿಗೆ ಹಾಕುತ್ತಿದ್ದ. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಏಳನೇ ತಿಂಗಳು ಹತ್ತುವ ಹೊತ್ತಿಗೆ, ಒಂದು ಬೆಳಿಗ್ಗೆ, ಒದೆ ನಿಂತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ಶಂಭುಲಿಂಗನ ಫೋನಿಗೆ, "ಈ ವೀಕಿನ ಫೋಟೋ ಎಲ್ಲಿ ಸರ್?" ಎಂದು ಮೆಸೇಜು ಬಂತು. ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಅವನು ಒಂದು ಜಲಪಾತವನ್ನು ಕಳಿಸಿದ. ಅದರ ಕೆಳಗೆ ಸಾಲು ಸಾಲಾಗಿ ಕೆಂಪು ಹೃದಯಗಳು ಬಂದು ಬಿದ್ದವು. ಹುಟ್ಟಿದ ಮಗು ಅಳಲಿಲ್ಲ. ಅದನ್ನು ಮೆಲ್ಬರ್ನ್‌ನ ಮಣ್ಣಿನಲ್ಲೇ ಇಟ್ಟು, ಇಬ್ಬರೂ ಸ್ಪೇನಿನಿಂದ ವಾಪಸಾದರು.

"ಹೇಳವಾ," ಎಂದಳು ಬಸಕ್ಕ.

"ಊರಂದ್ರ ಬೆಟ್ಟಕ್ಕ ಅಂಟಿಕೊಂಡ ನಾಕು ಓಣಿ ಅಷ್ಟರೀ," ಎಂದು ಸಂಧ್ಯಾರಾಣಿ ಶುರು ಮಾಡಿದಳು. "ಮನಿ ಎಲ್ಲಾ ನಸುಗೆಂಪು ಮಣ್ಣಿನ ಬಣ್ಣ. ಓಣಿ ಎಷ್ಟು ಸಣ್ಣವು ಅಂದ್ರ, ಮಾಳಗಿ ಕಿಡಕಿಯಿಂದ ಕೈ ಚಾಚಿ ಎದುರ ಮನಿಯವರಿಗೆ ಸಕ್ರಿ ಕೊಡಬೌದು. ಕೆಳಗ ಹೊಳಿ ಊರಿಗೆ ಸುತ್ತು ಹಾಕೇದ. ಹಿಂದ ಕ್ವಾಟಿ ಗ್ವಾಡಿ ಗುಡ್ಡದ ತುದಿತನಾ ಏರೇದ."

"ಸೋ ಕ್ಯೂಟ್!" ಎಂದಳು ಹೂ ಕಟ್ಟುತ್ತಿದ್ದ ಪ್ರಣತಿ.

ಅನಘಾಳ ಗಂಡ ವಿಕ್ರಮ್ ಬೆಂಗಳೂರಿನವನು. ಅವನಿಗೆ ಬೇರೆಯೇ ಚಿಂತೆ. "ಸರ್, ಅಲ್ಲಿ ವೆಜ್ ಫುಡ್ ಸಿಗತ್ತಾ? ಯುರೋಪ್‌ನಲ್ಲಿ ನಮ್ಗೆಲ್ಲಾ ಬ್ರೆಡ್ಡೇ ಗತಿ ಅಲ್ವಾ?"

"ನಾವ ಮಾಡ್ಕೊಂಡು ಉಣ್ತಿದ್ವಿ," ಎಂದ ಶಂಭುಲಿಂಗ. ಅದು ನಿಜವೇ ಆಗಿತ್ತು. ನಿಜದ ರುಚಿ ಹತ್ತಿತೋ ಏನೋ, ಕೇಳದಿದ್ದರೂ ಮುಂದುವರಿಸಿದ. "ಚಳಿ ಭಾಳ ಇತ್ತು. ಮುಂಜಾನೆ ಎದ್ದು ನೋಡಿದ್ರ ಕಾರಿನ ಗ್ಲಾಸ್ ಮ್ಯಾಲೆ ಐಸ್ ಕಟ್ಟಿರ್ತಿತ್ತು."

"ಜುಲೈನಲ್ಲಾ? ಅಲ್ಲಿ ಸಮ್ಮರ್ ಅಲ್ವಾ ಸರ್ ಆವಾಗ?"

ಇಷ್ಟು ವರ್ಷ ಸಿಡ್ನಿಯಲ್ಲಿ ಜುಲೈ ಎಂದರೆ ಚಳಿ ಎಂದೇ ಬದುಕಿದವನು ಶಂಭುಲಿಂಗ. ಸಂಧ್ಯಾರಾಣಿ ತಲೆ ಎತ್ತದೆ, "ಬೆಟ್ಟದ ಊರಲ್ಲೇನ್ರಿ, ಒಮ್ಮೊಮ್ಮೆ ಹಂಗ ಆಗ್ತದ," ಎಂದು ಮಾತು ಮುಗಿಸಿದಳು. ವಿಕ್ರಮ್ ಹೌದೆಂದು ತಲೆಯಾಡಿಸಿದ. ಶಂಭುಲಿಂಗ ಅರ್ಧ ಕುಡಿದ ಚಹಾವನ್ನು ಸಿಂಕಿಗೆ ಸುರಿದು, ನಲ್ಲಿ ತಿರುವಿ, ಒಂದೇ ಲೋಟವನ್ನು ಬಹಳ ಹೊತ್ತು ತೊಳೆದ.

ಅವಳಿಗೆ ನಿಲ್ಲಿಸಲು ಆಗಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸುತ್ತಲೂ ಇರಲಿಲ್ಲ. ಆ ಓಣಿಗಳಲ್ಲಿ ಅವಳು ದಿನವೂ ತಿರುಗಾಡಿದ್ದಳು, ಒಬ್ಬಳೇ ಅಲ್ಲ. "ಊರ ಹೊರಗ ಪೈನ್ ಗಿಡದ ಕಾಡು. ನಡುವ ನಮ್ಮ ಬಾದಾಮಿಯಂಥಾ ಕೆಂಪು ಬಂಡೆಗಲ್ಲು. ಅದರ ಮ್ಯಾಲೆ ಸಾವಿರಾರು ವರ್ಷದ ಹಿಂದ ಯಾರೋ ಗೂಳಿ ಬರದಾರ, ಬಿಳೇ ಗೂಳಿ. ಮುಂದ ಜಾಲರಿ ಹಾಕ್ಯಾರ. ಸಣ್ಣವರಿಗೆ ಕಾಣಂಗಿಲ್ಲ, ಎತ್ತಿಕೊಂಡು ತೋರಿಸಬೇಕು," ಎಂದಳು. ಯಾರೂ ಅದರಲ್ಲಿ ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಹಸಿರು ಸೀರೆಯುಟ್ಟು, ತಲೆಗೆ ಹೂವಿನ ದಂಡೆ ಕಟ್ಟಿಸಿಕೊಂಡು ಕೂತಿದ್ದ ಅನಘಾ ಮಾತ್ರ ತನ್ನ ಹೊಟ್ಟೆ ಸವರಿಕೊಂಡು, "ನಾವೂ ಹೋಗೋಣ್ರೀ, ಪಾಪು ಆದ್ಮೇಲೆ," ಎಂದಳು ಗಂಡನಿಗೆ.

"ಟೈಮಾತು, ಏಳ್ರಿ," ಎಂದು ಬಸಕ್ಕ ಪರಾತ ಹಿಡಿದು ಎದ್ದಳು. "ಸಂಧ್ಯಾ, ಮೊದಲ ಉಡಿ ನೀನ ತುಂಬು. ಈ ಊರಾಗ ನಮ್ಮ ಕಡೇ ದೊಡ್ಡ ಮುತ್ತೈದಿ ಅಂದ್ರ ನೀನ."

ಬಸಕ್ಕನಿಗೆ ಮೂರು ವರ್ಷದ ಹಿಂದಿನದೂ ಗೊತ್ತಿರಲಿಲ್ಲ. ಗೊತ್ತಿದ್ದವರು ಕೈಯಲ್ಲಿನ ಹೂವಿನ ಕಡೆ ನೋಡಿದರು. ಸಂಧ್ಯಾರಾಣಿ ಎದ್ದು ನಿಂತಳು. ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ ಎಂದೇ ಅವಳು ತಿಳಿದುಕೊಂಡಿದ್ದಳು. ಆದರೆ ಆ ತುಂಬಿದ ಹೊಟ್ಟೆಯ ಮುಂದೆ ತನ್ನ ಕೈಗಳನ್ನು ನೋಡಿಕೊಂಡಾಗ ಅವಳಿಗೆ ಹೆದರಿಕೆಯಾಯಿತು. ಉಡಿ ತುಂಬಿದಮೇಲೆ ನಾಳೆ ಈ ಹುಡುಗಿಗೆ ಏನಾದರೂ ಆದರೆ? ಒಲ್ಲೆ ಎಂದರೆ ಯಾಕೆ ಎನ್ನುತ್ತಾರೆ. ಒಂದು ನಿಮಿಷ ಎಂದು ಹೇಳಿ ಅವಳು ಸೀದಾ ಬೆಡ್‌ರೂಮಿಗೆ ನಡೆದಳು.

ಬಸಕ್ಕ ಪರಾತ ಹಿಡಿದುಕೊಂಡೇ ಹಿಂದೆ ಬಂದಳು. "ಯಾಕವಾ? ಹೊರಗಾಗೀಯೇನು?"

"ಇಲ್ರಿ. ನನ್ನ ಕೈಲೆ ಬ್ಯಾಡ್ರಿ."

"ಅದ ಯಾಕ ಅಂತೇನಿ."

"ನಾವು ಸ್ಪೇನಿಗೆ ಹೋಗಿದ್ದಿಲ್ರಿ, ಬಸಕ್ಕಾರ. ಮೆಲ್ಬರ್ನ್‌ನಾಗ ಆಸ್ಪತ್ರಿಯೊಳಗಿದ್ವಿ. ಆರು ತಿಂಗಳು ತುಂಬಿದ್ವು. ಹ್ವಾದ ತಿಂಗಳ ಹೋತ್ರಿ. ಅದಕ್ಕಿಂತ ಮೊದಲೂ ಒಂದು ಹೋಗೇದ."

ಬಸಕ್ಕನ ಕೈ ಪರಾತವನ್ನು ಹಿಂದಕ್ಕೆಳೆದುಕೊಂಡಿತು. ಬೇಕೆಂದು ಮಾಡಿದ್ದಲ್ಲ. ಮಗಳ ಅಕ್ಕಿ, ಮಗಳ ಬಳೆ, ಮಗಳ ಕೊಬ್ಬರಿ ಎಲ್ಲವನ್ನೂ ಸೆರಗಿನ ಮರೆಗೆ ಒಯ್ದ ಮೇಲೇ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಸಂಧ್ಯಾರಾಣಿ ಅದನ್ನು ನೋಡಿದಳು. ಸಿಟ್ಟು ಬರಲಿಲ್ಲ. ತಾನು ತಾಯಿಯಾಗಿದ್ದರೆ ತಾನೂ ಹಾಗೆಯೇ ಮಾಡುತ್ತಿದ್ದೆ ಎನಿಸಿತು, ಮತ್ತು ಹಾಗೆ ಅನಿಸಿದ್ದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ತಪ್ಪಾತವಾ," ಎಂದಳು ಬಸಕ್ಕ. ಪರಾತವನ್ನು ಬಾಗಿಲಾಚೆ ಬಂದು ನಿಂತಿದ್ದ ಪ್ರಣತಿಯ ಕೈಗಿತ್ತು, "ನೀ ಶುರು ಮಾಡಸು, ಬಂದೆ," ಎಂದು ಬಾಗಿಲು ಮುಂದೆ ಮಾಡಿದಳು. ಆಮೇಲೆ ಮಂಚದ ಮೇಲೆ ಅವಳಿಗೆ ಒತ್ತಿಕೊಂಡು ಕೂತಳು. ಬಾಣಂತಿಯನ್ನು ನೋಡಲು ಹೋದ ಯಾವ ಹೆಂಗಸಾದರೂ ಕೇಳುವುದನ್ನೇ ಕೇಳಿದಳು.

"ಗಂಡೇನವಾ, ಹೆಣ್ಣೇನವಾ?"

"ಹೆಣ್ಣು."

"ಯಾರ ಹಂಗಿತ್ತು?"

ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಸ್ಪತ್ರೆಯವರು ತೂಕ ಬರೆದುಕೊಂಡಿದ್ದರು, ಸ್ಮಶಾನದವರು ಹೆಸರು ಕೇಳಿದ್ದರು. ಶಂಭುಲಿಂಗನಂತೂ ಆ ದಿನದ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ.

"ಅವರ ಹಂಗ," ಎಂದಳು ಸಂಧ್ಯಾರಾಣಿ. "ಅಗಲ ಹಣಿ. ತಲಿ ತುಂಬ ಕೂದಲಿತ್ರಿ."

"ಹೌದೇನ? ಮೈ ತುಂಬಿತ್ತೇನು? ಎಷ್ಟಿತ್ತು?"

ಹೊರಗೆ ಹೆಂಗಸರು ಆರತಿ ಹಾಡು ಎತ್ತಿಕೊಂಡರು. ದನಿಗೆ ದನಿ ಕೂಡಲಿಲ್ಲ, ನಕ್ಕು ಮತ್ತೆ ಮೊದಲಿನಿಂದ ಹಿಡಿದರು. ಯಾರೋ ಬಸಕ್ಕನನ್ನು ಕೂಗಿದರು. ಬಸಕ್ಕ ಏಳಲಿಲ್ಲ.

ಸಂಧ್ಯಾರಾಣಿ ತನ್ನ ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದು, "ಇಷ್ಟು," ಎಂದಳು. ನಡುವಿನ ಜಾಗವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಂದು ಕೈಯನ್ನು ತುಸುವೇ ಒಳಕ್ಕೆ ಸರಿಸಿಕೊಂಡಳು.