ಎರಡು ವಿಮಾನಗಳ ನಡುವೆ ಕುಣಿಗಲ್

ಲಕ್ಷ್ಮೀಕಾಂತ ಸರಕು ಹಡಗಿನಲ್ಲಿ ಅಡುಗೆಯವನು. ಗುಬ್ಬಿಯಲ್ಲಿ ಹುಟ್ಟಿ ಬೆಳೆದು, ಹೋಟೆಲ್ ಕೆಲಸ ಕಲಿತು, ಚಿಕ್ಕ ವಯಸ್ಸಿನಲ್ಲೇ ಹಡಗು ಹತ್ತಿದವನು ಈಗ ನಲವತ್ತರ ಹತ್ತಿರ ಬಂದಿದ್ದ. ಇಷ್ಟು ವರ್ಷಗಳಲ್ಲಿ ಅವನು ನೋಡಿದ ವಿಮಾನ ನಿಲ್ದಾಣಗಳಿಗೆ ಲೆಕ್ಕವಿರಲಿಲ್ಲ. ಆ ನಿಲ್ದಾಣಗಳಿದ್ದ ಊರುಗಳನ್ನು ಮಾತ್ರ ನೋಡಿರಲಿಲ್ಲ. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾಯುವಾಗ ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಕುರ್ಚಿಯಲ್ಲೇ ನಿದ್ದೆ ತೆಗೆಯುವುದು ಅವನಿಗೆ ರೂಢಿಯಾಗಿತ್ತು.

ಆ ಸಲ ಕಂಪನಿಯವರು ಅವನನ್ನು ಕೋಲ್ಕತ್ತಕ್ಕೆ ತರಬೇತಿಗೆ ಕರೆಸಿಕೊಂಡಿದ್ದರು. ಅಲ್ಲಿಂದ ಬೆಂಗಳೂರು, ಬೆಂಗಳೂರಿಂದ ಸಿಂಗಾಪುರ, ಸಿಂಗಾಪುರದಲ್ಲಿ ಹಡಗು. ಬೆಂಗಳೂರಿಗೆ ಬೆಳಗಿನ ಜಾವ ಇಳಿದರೆ ಮುಂದಿನ ವಿಮಾನ ರಾತ್ರಿಗೆ. ನಡುವೆ ಇಡೀ ಹಗಲು ಖಾಲಿ. ಇದನ್ನು ಮಾತಿನ ಭರದಲ್ಲಿ ಅಕ್ಕ ಶಶಿಕಲಾಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಗುಬ್ಬಿಯಲ್ಲಿ ವಿಮೆ ಏಜೆಂಟಾಗಿದ್ದ ಶಶಿಕಲಾಗೆ ಯಾರದೇ ಬಿಡುವಿನ ಹೊತ್ತು ಕಂಡರೂ ಅದರಲ್ಲಿ ಒಂದು ಕೆಲಸ ಕೂರಿಸಿಬಿಡಬೇಕು ಅನ್ನಿಸುತ್ತಿತ್ತು.

"ಏರ್‌ಪೋರ್ಟಲ್ಲಿ ಕೂತು ಏನ್ಲಾ ಮಾಡ್ತೀಯ? ದೊಡ್ಡ ಬ್ಯಾಗ್ ಅಲ್ಲೇ ಕ್ಲೋಕ್‌ರೂಮಲ್ಲಿಟ್ಟು ತುಮಕೂರ್ ಬಸ್ ಹತ್ತು. ಬಟವಾಡಿ ಸ್ಟಾಪಲ್ಲಿ ಕಾರ್ ತಗೊಂಡ್ ನಿಂತಿರ್ತೀನಿ. ಒಂದ್ ಹೆಣ್ಣು ನೋಡೋದಿದೆ."

"ಅಕ್ಕ, ರಾತ್ರಿ ನಾನ್ ಸಿಂಗಾಪುರಕ್ಕೆ ಹೋಗ್ಬೇಕು."

"ಹಗಲಲ್ಲೇ ನೋಡು ಅಂತಿದೀನಿ ಕಣೋ. ಯಾರ್ ಬ್ಯಾಡ ಅಂದ್ರು?"

ಹಿಂದೆ ನಾಲ್ಕಾರು ಕಡೆ ಮಾತು ಆಗಿ ಮುರಿದಿತ್ತು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಮನೆಯಲ್ಲೇ ಇರದ ಗಂಡು, ಅದರಲ್ಲೂ ಅಡುಗೆಯವನು ಎಂದರೆ ಹೆಣ್ಣಿನ ಕಡೆಯವರ ಮುಖ ಸಣ್ಣಗಾಗುತ್ತಿತ್ತು. ಒಂದು ಮನೆಯಲ್ಲಂತೂ ಹುಡುಗಿಯ ಸೋದರಮಾವ, "ಮದುವೆ ಆದ್ಮೇಲಾದ್ರೂ ಬೇರೆ ಕೆಲಸ ನೋಡ್ಕೋತೀರಾ?" ಎಂದು ಉಪ್ಪಿಟ್ಟು ತಿನ್ನುತ್ತಲೇ ಕೇಳಿದ್ದ. ಆಮೇಲೆ ಲಕ್ಷ್ಮೀಕಾಂತನೇ ಬೇಡವೆಂದು ಕೈಬಿಟ್ಟಿದ್ದ. ಈ ಸಲ ಹೂಂ ಎಂದದ್ದು ಅಕ್ಕನನ್ನು ನೋಡಿ ವರ್ಷದ ಮೇಲಾಗಿತ್ತು ಎಂಬ ಒಂದೇ ಕಾರಣಕ್ಕೆ.

ಹೆಣ್ಣಿನ ಹೆಸರು ಶಾಂತಲಾ. ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅಪ್ಪ ಅಮ್ಮ ಇಲ್ಲ, ಒಬ್ಬಳೇ ಬಾಡಿಗೆ ಮನೆಯಲ್ಲಿದ್ದಾಳೆ. ಗುಬ್ಬಿಯಲ್ಲಿ ಶಶಿಕಲಾ ಮನೆಗೆ ಅವಳೇ ಬಂದು ಮಾತಾಡಿಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು.

ಬಟವಾಡಿಯಲ್ಲಿ ಲಕ್ಷ್ಮೀಕಾಂತ ಬಸ್ಸಿಳಿದಾಗ ಅಕ್ಕ ತನ್ನ ಹಳೆಯ ಕಾರಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ತಮ್ಮನನ್ನು ಕಂಡು ಕೈ ಬೀಸಿದಳೇ ಹೊರತು ಮಾತು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಶಾಂತಲಾ ಫೋನು. ಬರಕ್ಕಾಗಲ್ವಂತೆ," ಎಂದಳು.

"ಹೋಗ್ಲಿ ಬಿಡು. ಇಡ್ಲಿ ತಿನ್ನೋಣ ನಡಿ."

"ಮುಖ ಅಷ್ಟು ಅರಳಿಸ್ಬೇಡ. ಅವರ ಸ್ಕೂಲಲ್ಲಿ ತಾಲ್ಲೂಕ್ ಸ್ಪೋರ್ಟ್ಸ್ ನಡೀತಿದೆ. ಖೋಖೋ ಅಂಪೈರ್ ಮಾಡೋ ಮೇಷ್ಟ್ರಿಗೆ ಹುಷಾರಿಲ್ವಂತೆ, ಅದೂ ಇವಳ ತಲೆಗೇ ಬಂದಿದೆ. ನಾವೇ ಕುಣಿಗಲ್‌ಗೆ ಹೋಗೋಣ. ಮಧ್ಯಾಹ್ನ ಊಟದ ಬಿಡುವಲ್ಲಿ ಸಿಗ್ತೀನಿ ಅಂದವ್ಳೆ. ಅಲ್ಲಿಂದ ನೆಲಮಂಗಲದ ಮೇಲೆ ಹಂಗೇ ಏರ್‌ಪೋರ್ಟ್‌ಗೆ ಬಿಡ್ತೀನಿ."

ತಟ್ಟೆ ಇಡ್ಲಿ ತಿಂದು ಹೊರಟರು. ಕುಣಿಗಲ್ ದಾರಿಯುದ್ದಕ್ಕೂ ಶಶಿಕಲಾ ಗುಬ್ಬಿಯ ಸುದ್ದಿಯನ್ನೆಲ್ಲ ಹೇಳಿದಳು. ಯಾರ ಮನೆ ಮಾರಾಟಕ್ಕಿದೆ, ಯಾರ ಮಗಳು ಪೊಲೀಸ್ ಆದಳು, ಕೊಬ್ಬರಿಗೆ ಎಷ್ಟು ರೇಟು. ಅವಳ ಮಾತು ಕೇಳುತ್ತ ಕಿಟಕಿ ಇಳಿಸಿ ಕೂತಿದ್ದ ಲಕ್ಷ್ಮೀಕಾಂತನಿಗೆ ಇಷ್ಟೇ ಸಾಕು, ಈ ಕಾರು ಹೀಗೇ ಹೋಗುತ್ತಿರಲಿ ಅನ್ನಿಸಿತು.

ಶಾಲೆಯ ಮೈದಾನ ಜಾತ್ರೆಯಂತಿತ್ತು. ಬಣ್ಣಬಣ್ಣದ ಬನಿಯನ್ನಿನ ಮಕ್ಕಳು, ಸುಣ್ಣದ ಗೆರೆಗಳು, ಕರ್ಕಶವಾಗಿ ಕೂಗುವ ಮೈಕು. ಖೋಖೋ ಅಂಕಣದ ಪಕ್ಕದಲ್ಲಿ ಟ್ರ್ಯಾಕ್ ಪ್ಯಾಂಟು, ಟೋಪಿ ಹಾಕಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದವಳೇ ಶಾಂತಲಾ. ಇವರನ್ನು ನೋಡಿ ಬಾಯಲ್ಲಿದ್ದ ವಿಷಲ್ ತೆಗೆಯದೆ ತಲೆಯಾಡಿಸಿದಳು. ಗಂಡನ್ನು ನೋಡುವ ಹೆಣ್ಣು ಹೀಗೂ ಇರಬಹುದೇ ಎಂದು ಲಕ್ಷ್ಮೀಕಾಂತನಿಗೆ ನಗು ಬಂತು. ಮೈ ಸ್ವಲ್ಪ ಹಗುರವಾಯಿತು.

ಅಕ್ಕತಮ್ಮ ಇಬ್ಬರೂ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಎರಡು ಪಂದ್ಯ ಮುಗಿದಿರಬೇಕು, ಹೆಡ್‌ಮಾಸ್ಟರ್ ಗುಂಡಯ್ಯನವರು ಕೈಯಲ್ಲಿ ಫೋನ್ ಹಿಡಿದು ಗಾಬರಿಯಿಂದ ಶಾಂತಲಾ ಹತ್ತಿರ ಓಡಿಬಂದರು. ಊಟದ ಕಾಂಟ್ರಾಕ್ಟರು ಕ್ರೀಡಾಕೂಟ ನಾಳೆ ಎಂದುಕೊಂಡಿದ್ದನಂತೆ. ಈಗ ಬೇರೆ ಊರಿನಲ್ಲಿ ಮದುವೆಯ ಅಡುಗೆಯಲ್ಲಿದ್ದಾನೆ. ಹೊರಗಿನ ಶಾಲೆಗಳಿಂದ ಬಂದ ಮುನ್ನೂರು ಚಿಲ್ಲರೆ ಮಕ್ಕಳಿಗೆ ಮಧ್ಯಾಹ್ನಕ್ಕೆ ಊಟವಿಲ್ಲ.

"ಹೋಟ್ಲಿಂದ ತರ್ಸೋಣ ಮೇಡಂ."

"ಇಷ್ಟ್ ಹೊತ್ತಲ್ಲಿ ಯಾವ ಹೋಟ್ಲು ಕೊಡುತ್ತೆ ಸಾರ್? ನಮ್ಮ ಬಿಸಿಯೂಟದ ಸ್ಟಾಕಲ್ಲಿ ಅಕ್ಕಿ ಬೇಳೆ ಇದೆ. ಮಾಡೋರು ಚಿಕ್ಕಮಾರಮ್ಮ ಒಬ್ರೇ. ಇನ್ನೊಬ್ರು ರಜ."

ಲಕ್ಷ್ಮೀಕಾಂತ ಎದ್ದು ನಿಂತದ್ದನ್ನು ನೋಡಿ ಶಶಿಕಲಾ ಅವನ ಅಂಗಿಯ ತುದಿ ಹಿಡಿದಳು. "ಲೇ, ಕೂತ್ಕೊ. ನೀನ್ ಹೆಣ್ಣು ನೋಡಕ್ ಬಂದಿರೋದು."

"ಊಟದ ಬಿಡುವಲ್ಲಿ ಸಿಗ್ತೀನಿ ಅಂದಿದಾರಲ್ಲ ಅಕ್ಕ. ಊಟವೇ ಇಲ್ದಿದ್ರೆ ಬಿಡುವೆಲ್ಲಿ?"

ಅವನು ಹೋಗಿ ತಾನು ಅಡುಗೆಯವನೆಂದು ಹೇಳಿದಾಗ ಗುಂಡಯ್ಯನವರು ಸಂಶಯದಿಂದ ಅವನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿದರು. ಶಾಂತಲಾ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಹಡಗಲ್ಲಿ ಎಷ್ಟು ಜನಕ್ಕೆ ಮಾಡ್ತೀರ?"

"ಇಪ್ಪತ್ತೆರಡು."

"ಇದು ಅದರ ಹದಿನೈದು ಪಟ್ಟು."

"ಗೊತ್ತು. ಭಯ ಆಗ್ತಿದೆ."

ಅವಳು ನಕ್ಕಳು. ಅಡುಗೆಮನೆ ತೋರಿಸಿ ಮತ್ತೆ ಅಂಕಣಕ್ಕೆ ಓಡಿದಳು.

ಚಿಕ್ಕಮಾರಮ್ಮ ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಹೊಸಬನೊಬ್ಬ ತನ್ನ ಅಡುಗೆಮನೆಗೆ ಬಂದದ್ದು ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಅವನು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, "ಅಮ್ಮ, ನೀವ್ ಹೇಳ್ದಂಗೆ ಮಾಡ್ತೀನಿ," ಎಂದಾಗ ಒಂದು ಚಾಕುವನ್ನೂ ಮೂಟೆ ಕ್ಯಾರೆಟ್ಟನ್ನೂ ಅವನ ಮುಂದೆ ತಳ್ಳಿದಳು. ಅಕ್ಕಿ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸಿ ಬಾತ್ ಮಾಡುವುದೆಂದು ಇಬ್ಬರೂ ತೀರ್ಮಾನಿಸಿದರು. ಶಶಿಕಲಾ ಮರದ ಕೆಳಗೆ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಹುರುಳಿಕಾಯಿ ಸೋಸಲು ಕೂತಳು.

ಎರಡು ಒಲೆ, ಎರಡು ದೊಡ್ಡ ಪಾತ್ರೆ. ಹಡಗಿನ ಅಡುಗೆಮನೆಯಲ್ಲಿ ಎಲ್ಲವೂ ಕೈಗೆಟುಕುವಷ್ಟು ಹತ್ತಿರ, ಎಲ್ಲವೂ ಅಳತೆಯಲ್ಲಿ. ಇಲ್ಲಿ ಸೌಟೇ ಅವನ ತೋಳಿನಷ್ಟು ಉದ್ದವಿತ್ತು. ಹೊಗೆಗೆ ಕಣ್ಣಲ್ಲಿ ನೀರು ಬಂತು, ಅಂಗಿ ಬೆನ್ನಿಗೆ ಅಂಟಿತು. ಆದರೂ ಸಾಸಿವೆ ಸಿಡಿದು ಕರಿಬೇವಿನ ವಾಸನೆ ಎದ್ದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಊರಿನ ನೀರು, ಊರಿನ ಬೇಳೆಯಲ್ಲಿ ಅವನು ಅಡುಗೆ ಮಾಡಿ ಎಷ್ಟೋ ಕಾಲವಾಗಿತ್ತು.

ಆ ಖುಷಿಯಲ್ಲೇ ಎಡವಟ್ಟಾಯಿತು. ಒಂದು ಪಾತ್ರೆಯನ್ನು ನೋಡುತ್ತ ಇನ್ನೊಂದರ ಉರಿ ತಗ್ಗಿಸುವುದನ್ನು ಮರೆತ. ಮೊದಲು ಗೊತ್ತಾದದ್ದು ಚಿಕ್ಕಮಾರಮ್ಮನ ಮೂಗಿಗೆ.

"ಅಯ್ಯೋ, ತಳ ಹಿಡೀತು ಸ್ವಾಮಿ! ಕದಡ್‌ಬ್ಯಾಡಿ, ಕದಡ್‌ಬ್ಯಾಡಿ! ಕದಡಿದ್ರೆ ಎಲ್ಲಾಕೂ ಬತ್ತದೆ ವಾಸ್ನೆ."

ಅವನ ಕೈ ನಿಂತುಹೋಯಿತು. ಹೊರಗೆ ಮಕ್ಕಳು ಆಗಲೇ ತಟ್ಟೆ ಹಿಡಿದು ಸಾಲಿಗೆ ಬರತೊಡಗಿದ್ದರು. ಅಷ್ಟರಲ್ಲಿ ಶಾಂತಲಾ ಬಾಗಿಲಲ್ಲಿ ಕಾಣಿಸಿಕೊಂಡಳು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಸೀದೋಯ್ತು ಮೇಡಂ. ನನ್ನದೇ ತಪ್ಪು," ಎಂದ.

ಶಾಂತಲಾ ಒಂದು ಚಮಚ ಮೇಲಿಂದ ತೆಗೆದು ಊದಿ ಬಾಯಿಗೆ ಹಾಕಿಕೊಂಡಳು. "ಮೇಲಿನದು ಚೆನ್ನಾಗಿದೆ. ಬೇರೆ ಪಾತ್ರೆಗೆ ತೆಗೀರಿ. ತಳದ್ದು ಬಿಡಿ. ಕಮ್ಮಿ ಬಿದ್ರೆ ಬಾಳೆಹಣ್ಣು, ಬನ್ ತರಿಸ್ತೀನಿ." ಇಷ್ಟು ಹೇಳಿ ತಾನೇ ಒಂದು ತಟ್ಟೆ ಹಿಡಿದು ಬಗ್ಗಿ, ಬಾತನ್ನು ಮೇಲಿನಿಂದ ಎತ್ತಿ ಎತ್ತಿ ಬೇರೆ ಪಾತ್ರೆಗೆ ಹಾಕತೊಡಗಿದಳು. ಲಕ್ಷ್ಮೀಕಾಂತ ಆ ಕಡೆಯಿಂದ ಕೈ ಹಾಕಿದ. ಚಿಕ್ಕಮಾರಮ್ಮ ಹೊಸದಾಗಿ ಒಂದು ಒಗ್ಗರಣೆ ಕೊಟ್ಟಳು.

ಮಕ್ಕಳು ಉಂಡರು. ಕೆಲವರು ಎರಡನೇ ಸಲವೂ ಬಂದರು. ಹುಲಿಯೂರುದುರ್ಗದ ಕಡೆಯ ಹುಡುಗಿಯರ ತಂಡವೊಂದು ಮೂರನೇ ಸಲ ಬಂದಾಗ ಚಿಕ್ಕಮಾರಮ್ಮ, "ಓಡಕ್ಕಾಗಕಿಲ್ಲ ಕಣ್ರವ್ವ, ಸಾಕು ಹೋಗಿ," ಎಂದು ಅಟ್ಟಿದಳು. ಬನ್ ತರಿಸಬೇಕಾಗಲಿಲ್ಲ.

ಎಲ್ಲ ಮುಗಿದ ಮೇಲೆ ಶಾಂತಲಾ ಎರಡು ತಟ್ಟೆ ತಂದು ಅಡುಗೆಮನೆಯ ಜಗಲಿಯ ಮೇಲೆ ಲಕ್ಷ್ಮೀಕಾಂತನ ಪಕ್ಕ ಕೂತಳು. ಶಶಿಕಲಾ ಎಂದೂ ಇಲ್ಲದ ಶಿಸ್ತಿನಿಂದ ಕಾರಿನ ಕಡೆ ಹೋದಳು.

"ನಂಗೆ ಸ್ವಲ್ಪಾನೇ ಟೈಮಿರೋದು," ಎಂದಳು ಶಾಂತಲಾ. "ಅದಕ್ಕೆ ನೇರವಾಗೇ ಮಾತಾಡ್ತೀನಿ. ಕೆಲಸ ಬಿಡು ಅಂದ್ರು ಅಂತ ಒಂದು ಮದುವೆ ನಿಲ್ಸಿದೀನಿ. ಛತ್ರ ಎಲ್ಲ ಬುಕ್ ಆಗಿತ್ತು. ಈಗ್ಲೂ ಬಿಡಲ್ಲ."

"ಬಿಡಬೇಡಿ. ನಾನೂ ಬಿಡಲ್ಲ. ಇನ್ನೂ ನಾಲ್ಕೈದು ವರ್ಷನಾದ್ರೂ ಹಡಗಲ್ಲೇ ಇರ್ತೀನಿ."

"ಒಬ್ಬಳೇ ಇದ್ದು ನಂಗೆ ಅಭ್ಯಾಸ ಆಗಿದೆ. ಅದೇನೂ ಕಷ್ಟ ಅಲ್ಲ." ಅವಳು ತಟ್ಟೆಯಲ್ಲಿ ಬೆರಳಾಡಿಸಿದಳು. "ಒಂದೇ ಕೇಳ್ತೀನಿ. ನಂಗೆ ಹುಷಾರಿಲ್ಲ, ಜ್ವರ ಬಂದು ಮಲಗಿದೀನಿ ಅಂದ್ಕೊಳ್ಳಿ. ಆಗ ಏನ್ ಮಾಡ್ತೀರ?"

ಲಕ್ಷ್ಮೀಕಾಂತ ಒಳ್ಳೆಯ ಮಾತೊಂದು ಹೇಳಬಹುದಿತ್ತು. ಹಿಂದೆ ಅಂಥ ಮಾತುಗಳನ್ನು ಹೇಳಿಯೂ ಇದ್ದ. ಅವನಿಗೆ ಅಮ್ಮ ನೆನಪಾದಳು. ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಹಡಗು ಬ್ರೆಜಿಲ್ ಹತ್ತಿರವಿತ್ತು. ಆವತ್ತು ಸಂಜೆಯೂ ಅವನು ಎಲ್ಲರಿಗೂ ಸೂಪು ಮಾಡಿ ಬಡಿಸಿದ್ದ.

"ಬರಕ್ಕಾಗಲ್ಲ," ಎಂದ. "ನಡುಸಮುದ್ರದಲ್ಲಿದ್ರೆ ಫೋನೂ ಸಿಗದೆ ಇರಬಹುದು. ನಮ್ಮಕ್ಕನಿಗೆ ಹೇಳ್ತೀನಿ, ಅವಳು ಬರ್ತಾಳೆ. ನಾನು ಬರ್ತೀನಿ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಮೈದಾನದಲ್ಲಿ ಮೈಕು ಮುಂದಿನ ಪಂದ್ಯದ ತಂಡಗಳನ್ನು ಕೂಗಿತು. ಶಾಂತಲಾ ಏಳಲಿಲ್ಲ.

"ಬಂದು ನೋಡಿದೋರೆಲ್ಲ ಹಾರ್ಕೊಂಡ್ ಬರ್ತೀನಿ ಅಂತಾನೇ ಅಂದಿದ್ರು," ಎಂದಳು. "ತುಮಕೂರಲ್ಲೇ ಇರೋರೂ ಅಂದಿದ್ರು. ನೀವೊಬ್ರೇ ಬರಕ್ಕಾಗಲ್ಲ ಅಂದಿದ್ದು."

"ಬೇಜಾರಾಯ್ತಾ?"

"ಸ್ವಲ್ಪ ಆಯ್ತು. ಆದ್ರೆ ನಂಬಿಕೆ ಬಂತು." ಅವಳು ಎದ್ದು ಅವನ ತಟ್ಟೆಯನ್ನೂ ತಾನೇ ತೆಗೆದುಕೊಂಡಳು. "ನಂಗೆ ಯೋಚನೆ ಮಾಡಕ್ಕೆ ಟೈಮ್ ಬೇಕು. ನಿಮಗೂ ಬೇಕು. ಸಮುದ್ರದಲ್ಲಿ ಬೇಕಾದಷ್ಟಿರುತ್ತಲ್ಲ?"

"ಅದೊಂದೇ ಅಲ್ಲಿ ಧಾರಾಳ," ಎಂದ ಲಕ್ಷ್ಮೀಕಾಂತ.

ಶಶಿಕಲಾ ಹಾರನ್ ಹೊಡೆದಳು. ದಾರಿಯಲ್ಲಿ ನೆಲಮಂಗಲ ದಾಟುವವರೆಗೂ ಅವಳು ಏನನ್ನೂ ಕೇಳಲಿಲ್ಲ. ದೊಡ್ಡಬಳ್ಳಾಪುರದ ಹತ್ತಿರ ಬಂದಾಗ ತಡೆಯಲಾರದೆ, "ಏನಂದ್ಲೋ?" ಎಂದಳು.

"ಯೋಚನೆ ಮಾಡ್ತೀನಿ ಅಂದ್ರು."

"ಯೋಚ್ನೆ ಮಾಡೋದು ಅಂದ್ರೆ ಇಲ್ಲ ಅಂತಾನಾ?"

"ಇರಲಾರದು ಅಕ್ಕ. ನಂಗ್ಯಾಕೋ ಇರಲಾರದು ಅನ್ಸುತ್ತೆ."

ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ಅವನ ಕೆನ್ನೆ ಸವರಿ, ಬೈದು, ಕಣ್ಣೊರೆಸಿಕೊಂಡು ಹೋದಳು. ಅವನು ಬ್ಯಾಗು ಬಿಡಿಸಿಕೊಂಡು, ತಪಾಸಣೆ ಮುಗಿಸಿ, ಗೇಟಿನ ಬಳಿ ಕೂತ. ಅವತ್ತು ಅವನಿಗೆ ಕುರ್ಚಿಯಲ್ಲಿ ನಿದ್ದೆ ಬರಲಿಲ್ಲ. ಎದ್ದು ಗಾಜಿನ ಹತ್ತಿರ ನಿಂತು ವಿಮಾನಗಳು ಇಳಿಯುವುದನ್ನು ನೋಡಿದ. ಹತ್ತುವ ಸಮಯಕ್ಕೆ ಫೋನಿಗೆ ಶಾಂತಲಾಳ ಸಂದೇಶ ಬಂತು. ಅವರ ಶಾಲೆಯ ಹುಡುಗಿಯರು ಫೈನಲ್ಲಿನಲ್ಲಿ ಸೋತಿದ್ದರು. ಸಿಂಗಾಪುರ ಮುಟ್ಟಿದ ಮೇಲೆ ತಿಳಿಸಿ ಎಂದು ಕೊನೆಯಲ್ಲಿ ಬರೆದಿದ್ದಳು.

ಅವನು ತಿಳಿಸಿದ. ಆಮೇಲೆ ಬಂದರು ಸಿಕ್ಕಾಗಲೆಲ್ಲ ಮಾತಾಡಿದರು. ಮೊದಮೊದಲು ಹವಾಮಾನ, ಶಾಲೆ, ಅಡುಗೆ. ಬರಬರುತ್ತ ಬೇರೆ ಮಾತು. ಜನವರಿಯಲ್ಲಿ ಒಂದು ದಿನ ಮಾತಿನ ನಡುವೆ ಶಾಂತಲಾ, "ಮನೆ ಚೇಂಜ್ ಮಾಡ್ತಿದೀನಿ. ಅಡುಗೆಮನೆ ದೊಡ್ಡದಿರೋದು ನೋಡ್ಲಾ?" ಎಂದು ಕೇಳಿದಳು. ಅವನು ನೋಡಿ ಎಂದ. ಒಪ್ಪಿಗೆಯ ಮಾತು ಇಬ್ಬರ ನಡುವೆ ಆದದ್ದು ಅಷ್ಟೇ.

ಮೇ ತಿಂಗಳಲ್ಲಿ ಅವನು ಹಡಗಿನಿಂದ ಇಳಿದು ಬಂದ. ಮದುವೆ ಗುಬ್ಬಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಸಾಕ್ಷಿ ಹಾಕಲು ಬಂದ ಗುಂಡಯ್ಯನವರು ಮೂರು ಸಲ ಪೆನ್ನು ಹುಡುಕಿದರು. ಸಂಜೆ ಶಶಿಕಲಾ ಮನೆಯ ಮಹಡಿಯ ಮೇಲೆ ಚಾಪೆ ಹಾಸಿಕೊಂಡು ಎಲ್ಲರೂ ಮಾವಿನಹಣ್ಣು ತಿಂದರು. ಗಾಳಿ ಚೆನ್ನಾಗಿ ಬೀಸುತ್ತಿತ್ತು. ಶಾಂತಲಾ ಗೊರಟೆ ಚೀಪುತ್ತ ಗೋಡೆಗೆ ಒರಗಿ ಕೂತಳು. ಎದ್ದು ಹೋಗಬೇಕಾದ ಕೆಲಸ ಯಾರಿಗೂ ಇರಲಿಲ್ಲ.