ಇಟ್ಟಿದ್ದಕ್ಕೆ ಬಾಡಿಗೆ, ತೆಗೆದಿದ್ದಕ್ಕೆ ಹಮಾಲಿ

ಗೋಕಾಕದ ಶಬ್ಬೀರನಿಗೆ ಸಿಟ್ಟು ಬಂದರೆ ಮೊದಲು ಬಾಯಿ ಓಡುತ್ತಿತ್ತು, ಬುದ್ಧಿ ಆಮೇಲೆ ಏದುಸಿರು ಬಿಡುತ್ತ ಹಿಂದೆ ಬರುತ್ತಿತ್ತು. ಮದುವೆ ವಿಡಿಯೊ ತೆಗೆಯುವುದು ಅವನ ಕಸುಬು. ವಿಡಿಯೊಗಳನ್ನು ಇಡುವ ಕ್ಲೌಡ್ ಖಾತೆಯಿಂದ ಆ ಮುಂಜಾನೆ ಮೊಬೈಲಿಗೆ ಬಂದ ಬಿಲ್ಲು ನೋಡಿ ಅವನು ಸ್ಟುಡಿಯೊದ ಶಟರ್ ಎಳೆದ ರಭಸಕ್ಕೆ ಬಾಜೂ ಚಹಾದಂಗಡಿಯವ ಎದ್ದು ನಿಂತ. ತಿಂಗಳಿಗೆ ಎರಡು ಸಾವಿರದ ಆಸುಪಾಸು ಬರುತ್ತಿದ್ದ ಬಿಲ್ಲು ಈ ಸಲ ಮೂವತ್ತೆಂಟು ಸಾವಿರ. ಹತ್ತು ದಿನದೊಳಗೆ ಕಟ್ಟದಿದ್ದರೆ ಖಾತೆ ಬಂದ್, ಆಮೇಲೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಕೆಳಗೆ ಬರೆದಿತ್ತು.

ಒಳಗಿದ್ದದ್ದು ಅಂದರೆ ಆರು ವರ್ಷದ ಮದುವೆಗಳು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಹೊಳೆ ಊರೊಳಗೆ ಬಂದಾಗ ಅವನ ಹಾರ್ಡ್ ಡಿಸ್ಕುಗಳೆಲ್ಲ ಕೆಸರು ಕುಡಿದು ಸತ್ತಿದ್ದವು. ಮನೆಯ ಆಲ್ಬಮ್ಮನ್ನೂ ನೀರಿಗೆ ಕೊಟ್ಟ ಜನ, ನಿನ್ನ ಹತ್ತಿರವಾದರೂ ಒಂದು ಪ್ರತಿ ಇದ್ದೀತೇನೋ ಎಂದು ಬಂದು ಕೇಳಿದಾಗ ಅವನು ಖಾಲಿ ಕೈ ತೋರಿಸಬೇಕಾಯಿತು. ಕಸುಬಿನವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಮೂಡಲಗಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದ ದಾನೇಶ್ವರಿ ಆಗ, ಕ್ಲೌಡಿನಲ್ಲಿ ಇಡ್ರಿ ಅಣ್ಣ, ಅಲ್ಲಿಗೆ ಯಾವ ಹೊಳೆಯೂ ಬರುವುದಿಲ್ಲ ಎಂದಿದ್ದಳು. ಖಾತೆ ತೆರೆದುಕೊಟ್ಟವಳೂ ಅವಳೇ. ಅದಕ್ಕೇ ಈಗ ಬೈಕು ನೆಟ್ಟಗೆ ಮೂಡಲಗಿಗೆ ಹೋಯಿತು.

ದಾನೇಶ್ವರಿ ಅವನನ್ನು ಕೂಗಾಡಲು ಬಿಟ್ಟು ಬಿಲ್ಲನ್ನು ಒಂದೊಂದೇ ಸಾಲು ಓದಿದಳು. ಇಟ್ಟಿದ್ದಕ್ಕೆ ಎರಡು ಸಾವಿರವೇ ಇತ್ತು. ಉಳಿದದ್ದೆಲ್ಲ ಹೊರಗೆ ತೆಗೆದಿದ್ದಕ್ಕೆ. ಒಂದೇ ಒಂದು ವಿಡಿಯೊವನ್ನು ಜನ ಐನೂರು ಸಲ ತೆರೆದಿದ್ದರು. ಕೌಜಲಗಿಯ ಉದ್ದಪ್ಪನ ಮಗನ ಮದುವೆಯ ಆಯೇರದ ಭಾಗ. ಯಾರು ಏನು ಉಡುಗೊರೆ ಕೊಟ್ಟರು ಎಂದು ಮೈಕಿನಲ್ಲಿ ಕೂಗುವ ಎರಡೂವರೆ ತಾಸು.

"ನೋಡ್ರಿ ಅಣ್ಣ, ಮಾರ್ಕೆಟ್ ಯಾರ್ಡಿನ್ಯಾಗ ಬೆಲ್ಲ ಇಟ್ಟಂಗ ಇದು. ಇಟ್ಟಿದ್ದಕ್ಕ ಬಾಡಿಗಿ, ತಗದಿದ್ದಕ್ಕ ಹಮಾಲಿ. ಜಿಬಿಗೆ ಎಂಟ ರೂಪಾಯಿ. ನೀವು ಸಣ್ಣದು ಮಾಡಿ ಕೊಡೂದು ಬಿಟ್ಟು ಒಂಬತ್ತ ಜಿಬಿ ಒರಿಜಿನಲ್ಲೇ ಲಿಂಕ್ ಕೊಟ್ಟೀರಿ."

ಒರಿಜಿನಲ್ ಕೊಡುವುದು ಶಬ್ಬೀರನ ಹೆಮ್ಮೆ. ಗಿರಾಕಿಗೆ ನಕಲು ಕೊಡುವವ ನಾನಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಒಬ್ಬರು ಒಂದು ಸಲ ನೋಡಿದರೆ ಎಪ್ಪತ್ತೆರಡು ರೂಪಾಯಿ ತನ್ನ ಕಿಸೆಯಿಂದ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು? ಗೊತ್ತಾದದ್ದೇ ತಡ, ಸಿಟ್ಟು ಮತ್ತೆ ನೆತ್ತಿಗೇರಿತು. ಎಲ್ಲ ತೆಗೆದು ಹಾರ್ಡ್ ಡಿಸ್ಕಿಗೆ ಹಾಕು, ಈ ಸಹವಾಸವೇ ಬೇಡ ಎಂದ. ತೆಗೆದರೆ ಅದಕ್ಕೂ ಹಮಾಲಿ ಎಂದಳು ದಾನೇಶ್ವರಿ. ಹಾಗಾದರೆ ಅಳಿಸಿಬಿಡು ಎಂದ.

"ಅಳಸೂದು ಪುಕಟ ಐತಿ," ಎಂದು ಅವಳು ಮೌಸನ್ನೇ ಅವನ ಕಡೆ ದೂಡಿದಳು. "ಆದ್ರ ಬಂದ ಬಿಲ್ಲ ಹೋಗಂಗಿಲ್ಲ, ಹ್ವಾದ ಮದುವಿ ಬರಂಗಿಲ್ಲ. ನೀವ ಒತ್ರಿ, ನನ್ನ ಕೈಲೆ ಆಗೂದಿಲ್ಲ."

ಶಬ್ಬೀರನ ಕೈ ಮೌಸಿನ ಮೇಲೆ ಹೋಯಿತು. ಪರದೆಯ ಮೇಲೆ ಮದುವೆಗಳು ಸಾಲಾಗಿ ನಿಂತಿದ್ದವು. ಪಂಚಾಯಿತಿಯವರ ಮುಂದೆ ಬೈಸಿಕೊಳ್ಳಲು ನಿಂತವರ ಹಾಗೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮೊದಲು ಆ ಉದ್ದಪ್ಪನನ್ನು ನೋಡಿ ಬರುತ್ತೇನೆ, ಆಮೇಲೆ ಒತ್ತುತ್ತೇನೆ ಎಂದು ಹೊರಟ.

ಉದ್ದಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಶಬ್ಬೀರ ಗಾಡಿಯಿಂದ ಇಳಿಯುವ ಮೊದಲೇ ಬೈಗುಳ ಶುರು ಮಾಡಿದ. ಪೂರ್ತಿ ಕೇಳಿಸಿಕೊಂಡ ಮುದುಕ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ.

"ಎಪ್ಪತ್ತೆರಡ ರೂಪಾಯಿ? ಸಿನಿಮಾಕ್ಕಿಂತ ತುಟ್ಟಿ ಆತಲ್ಲೋ ಸಾಬ. ನಾನ ಒಂಬತ್ತ ಸಲ ನೋಡೇನಿ."

"ಒಂಬತ್ತ ಸಲ ಏನ್ ನೋಡೀರಿ ಕಾಕಾ, ಹಂಡೆ-ಕೊಡಾ ಏನ್?"

ಹೌದು, ಹಂಡೆಯನ್ನೇ ಎಂದ ಉದ್ದಪ್ಪ. ನಡೆದದ್ದು ಇಷ್ಟು. ಓಣಿಯ ಪಾರವ್ವ ಒಂದು ತಾಮ್ರದ ಹಂಡೆ ಆಯೇರ ಕೊಟ್ಟಿದ್ದಳು. ಕೂಗುವವನು ಗದ್ದಲದಲ್ಲಿ ಅವಳ ಹೆಸರು ಬಿಟ್ಟ. ಮನೆ ತುಂಬಿದ ಹಂಡೆಗಳಲ್ಲಿ ಅವಳದ್ದು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಉಂಡು ಕೈ ಬೀಸಿಕೊಂಡು ಹೋದಳು ಎಂಬ ಮಾತು ಊರೆಲ್ಲ ಹಬ್ಬಿ, ಪಾರವ್ವ ಎರಡು ತಿಂಗಳು ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಕೊನೆಗೆ ಯಾರೋ ವಿಡಿಯೊ ನೋಡುತ್ತಿದ್ದಾಗ ಮೂಲೆಯಲ್ಲಿ ಅವಳು ಮದುಮಗಳ ಕೈಗೆ ಹಂಡೆ ಕೊಡುವುದು ಕಂಡಿತು. ಉದ್ದಪ್ಪನೇ ಲಿಂಕನ್ನು ಊರ ವಾಟ್ಸಾಪ್ ಗುಂಪಿಗೆ ಹಾಕಿದ. ಊರು ನೋಡಿತು, ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ ಬೀಗರು ನೋಡಿದರು. ನೋಡಿದವರು ತಮ್ಮ ಹೆಸರು ಸರಿಯಾಗಿ ಕೂಗಿದ್ದಾರೋ ಇಲ್ಲವೋ ಎಂದೂ ಮತ್ತೊಮ್ಮೆ ನೋಡಿದರು.

ಶಬ್ಬೀರ ಬಂದ ಸುದ್ದಿ ಕೇಳಿ ಪಾರವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಬಿಲ್ಲಿನ ಸಂಗತಿಯನ್ನು ಉದ್ದಪ್ಪನೇ ಹೇಳಿದ. ಅವಳಿಗೆ ಜಿಬಿ ತಿಳಿಯಲಿಲ್ಲ. ಅಳಿಸುತ್ತಾನಂತೆ ಎಂಬುದು ತಿಳಿಯಿತು.

"ಅದೊಂದು ಅಳಸಬ್ಯಾಡೊ ತಮ್ಮಾ. ನಾಳಿ ಮತ್ತ ಯಾರರ ಅಂದ್ರ ನಾ ಏನ ತೋರಸ್ಲಿ?"

ಶಬ್ಬೀರ ಬೈಕಿನ ಕೀಲಿ ಕಿಸೆಗೆ ಹಾಕಿಕೊಂಡ. ಹೊಳೆ ಇಳಿದ ಮೇಲೆ ಸ್ಟುಡಿಯೊದ ಬಾಗಿಲಲ್ಲಿ ನಿಂತವರೂ ಹೀಗೇ ಕೇಳಿದ್ದರು. ಅವತ್ತು ಕೊಡಲು ಏನೂ ಇರಲಿಲ್ಲ, ಇವತ್ತು ಇದೆ. ಒಂದನ್ನೂ ಅಳಿಸುವುದಿಲ್ಲ ಎಂದ. ಲಿಂಕ್ ಹಂಚಿದವನು ನಾನು, ಅರ್ಧ ನನ್ನದು ಎಂದು ಉದ್ದಪ್ಪ ಹಟ ಹಿಡಿದ. ಇನ್ನರ್ಧದ ಚಿಂತೆಯನ್ನು ದಾನೇಶ್ವರಿ ಹಗುರ ಮಾಡಿದಳು. ತಿಳಿಯದೆ ಆದ ಮೊದಲ ತಪ್ಪು ಎಂದು ಕಂಪನಿಗೆ ಪತ್ರ ಬರೆದು, ಹತ್ತು ಸಾವಿರ ಬಿಡಿಸಿದಳು. ಒಂಬತ್ತನೆಯ ದಿನ ಶಬ್ಬೀರ ಬಿಲ್ಲು ಕಟ್ಟಿದ. ಊರಿಗೆಲ್ಲ ತೆರೆದಿದ್ದ ಲಿಂಕನ್ನು ಮುಚ್ಚಿಸಿ, ಖರ್ಚು ಇಂತಿಷ್ಟು ದಾಟಿದರೆ ಮೊಬೈಲಿಗೆ ಎಚ್ಚರಿಕೆ ಬರುವಂತೆ ಮಾಡಿಸಿದ.

ಆಮೇಲೆ ಕುಳಿತು, ಹೆಮ್ಮೆಯನ್ನು ನುಂಗಿಕೊಂಡು, ಹಂಡೆಯ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ ಸಣ್ಣದು ಮಾಡಿ ಕೌಜಲಗಿಗೆ ಒಯ್ದ. ಪಾರವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮುಗಿಯುತ್ತಲೇ, ಇದಕ್ಕೆ ಎಷ್ಟು ಬೀಳುತ್ತದೆ ಎಂದು ಅಂಜುತ್ತ ಕೇಳಿದಳು.

"ನಾಕಾಣೆ," ಎಂದ ಶಬ್ಬೀರ. "ದಿನಾ ನೋಡಬೇ ಯವ್ವಾ, ನಾ ಕಟ್ತೇನಿ."

ಪಾರವ್ವ ಆಚೆಮನೆಯವಳನ್ನು ಕೂಗಿ ಕರೆದು ಬಾಜೂಕ್ಕೆ ಕೂರಿಸಿಕೊಂಡಳು. ಮತ್ತೆ ಒತ್ತಿದಳು.