ಹೊಲಿಗೆ ವಾಲಿದ ದಿಕ್ಕು

ಆಲೂಗಡ್ಡೆ ಚೀಲದ ಬಾಯಿಗೆ ಹಾಕಿದ ಹೊಲಿಗೆ ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಎನ್ನುವುದು ಒಬ್ಬ ಮನುಷ್ಯ ಒಂಟಿಯಾಗಿ ತೀರ್ಮಾನಿಸಬಹುದಾದ ಪ್ರಶ್ನೆಯಲ್ಲ, ಅದಕ್ಕೆ ಪಂಚಾಯಿತಿ ಸೇರಬೇಕು, ಸಾಕ್ಷಿ ನುಡಿಯಬೇಕು, ಹಿರಿಯರು ಕೆಮ್ಮಬೇಕು, ಆದರೆ ಇಲ್ಲಿರುವುದು ನಾನೊಬ್ಬನೇ, ಅಬನ್‌ಕಾಯ್ ಪೇಟೆಯ ಕಡೆಗೆ ಆಂಡಿಸ್ ಬೆಟ್ಟ ಇಳಿಯುತ್ತಿರುವ ಬಸ್ಸಿನ ಹದಿನೇಳನೆಯ ಸೀಟಿನಲ್ಲಿ, ಮೊಣಕಾಲುಗಳ ನಡುವೆ ಚೀಲ, ಮತ್ತು ಹೊಲಿಗೆ ಬಲಕ್ಕೆ ವಾಲಿದೆ — ಬೊನಿಫಾಸಿಯ ಚಿಕ್ಕಮ್ಮ ಎಡಚಿ, ಸೌಟು ಎಡಗೈಯಲ್ಲಿ, ಕುಡುಗೋಲು ಎಡಗೈಯಲ್ಲಿ, ನನ್ನ ಕಿವಿ ಹಿಂಡಿದ್ದೂ ಎಡಗೈಯಲ್ಲೇ, ಅವಳು ಹೊಲಿದ ಚೀಲಗಳ ಹೊಲಿಗೆಯೆಲ್ಲ ಗಾಳಿಗೆ ಮಲಗಿದ ಬಾರ್ಲಿ ಪೈರಿನ ಹಾಗೆ ಎಡಕ್ಕೇ ಮಲಗುತ್ತದೆ, ಸಂತೆಯಲ್ಲಿ ನೂರು ಚೀಲದ ನಡುವೆ ನಮ್ಮದನ್ನು ನಾವು ಗುರುತು ಹಿಡಿಯುತ್ತಿದ್ದದ್ದು ಹಾಗೆ. ಚೀಲವನ್ನು ತಿರುಗಿಸಿ ಇಟ್ಟು ನೋಡಿದೆ, ಆ ಮಗ್ಗುಲಿನಿಂದಲೂ ಬಲಕ್ಕೇ, ಬಸ್ಸು ತಿರುವಿನಲ್ಲಿ ವಾಲಿತು, ನಾನು ವಾಲಿದೆ, ಚೀಲ ವಾಲಿತು, ಹೊಲಿಗೆ ಮಾತ್ರ ತನ್ನ ಅಭಿಪ್ರಾಯ ಬದಲಿಸಲಿಲ್ಲ. ಬೆಳಿಗ್ಗೆ ಅವಸರದಲ್ಲಿ ಬಲಗೈಯಲ್ಲಿ ಹೊಲಿದಿರಬಹುದು, ಎಡಗೈ ನೋಯುತ್ತಿದ್ದಿರಬಹುದು, ಇಲ್ಲ, ಆಕೆ ಕಾಲಿನಲ್ಲಿ ಬೇಕಾದರೆ ಹೊಲಿದಾಳು, ಬಲಗೈಯಲ್ಲಿ ಹೊಲಿಯುವವಳಲ್ಲ. ಹುರಿ ಅದೇ ನೀಲಿ ಹುರಿ, ಆದರೆ ಈ ಸೀಮೆಯಲ್ಲೆಲ್ಲ ಇರುವುದು ಒಂದೇ ನೀಲಿ ಹುರಿ. ಬಿಚ್ಚಿ ನೋಡಿಬಿಡು ಮಾರಾಯ ಎನ್ನುತ್ತದೆ ಮನಸ್ಸು. ಬಿಚ್ಚುವುದಿಲ್ಲ. ಬಿಚ್ಚುವ ತನಕ ಲ್ಯಾಪ್‌ಟಾಪ್ ಒಳಗಿದೆ.

ಒಳಗಿದೆ, ಮೂವತ್ತು ಕಿಲೋ ಆಲೂಗಡ್ಡೆಯ ನಟ್ಟನಡುವೆ, ಚಿಕ್ಕಮ್ಮನ ಹಳೇ ಉಣ್ಣೆ ಲಂಗದಲ್ಲಿ ಸುತ್ತಿಕೊಂಡು, ಅದರೊಳಗೆ ನಾನು ರೆಕಾರ್ಡ್ ಮಾಡಿಕೊಂಡ ಹನ್ನೊಂದು ಮುದುಕ ಮುದುಕಿಯರು ಕೂತು ಮಾತಾಡುತ್ತಿದ್ದಾರೆ, ಎಲ್ಲೆಕಲ್ಲು ಎಲ್ಲಿತ್ತು, ಒರತೆಯ ಕಣ್ಣು ಯಾರ ಕಡೆಗಿತ್ತು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಬನ್‌ಕಾಯಿನ ಗಡಿ ವಿಚಾರಣೆಯಲ್ಲಿ ಅವರು ಮಾತಾಡಬೇಕು, ಯಾಕೆಂದರೆ ಪಕ್ಕದೂರು ವಿಸ್ಕಪಂಪದವರ ಹತ್ತಿರ ಕಾಗದ ಇದೆ, ನಮ್ಮ ಹತ್ತಿರ ಬಾಯಿ ಮಾತ್ರ ಇದೆ, ಅದರಲ್ಲೂ ನಾಲ್ಕು ಬಾಯಿ ಈಗ ಮಣ್ಣಿನಡಿ. ಕಾಸಿಮಿರೊ ಅಜ್ಜ ಜೂನ್‌ನಲ್ಲಿ ಹೋದ. ತೊಂಬತ್ತನಾಲ್ಕು ವರ್ಷ, ಹಲ್ಲಿಲ್ಲ, ಆದರೆ ಹದಿನೆಂಟು ಕಲ್ಲಿನ ಹೆಸರು ಒಂದೂ ತಪ್ಪದೆ ಹೇಳಿದ, ಒಂಬತ್ತನೆಯ ಕಲ್ಲಿನ ಹತ್ತಿರ ಒಂದು ಕೋಳಿ ಬಂದು ಕೊಕ್ಕೊಕ್ಕೊ ಎಂದಿತು, ಅಜ್ಜ ಕೋಳಿಗೆ ಬೈದ, ಮತ್ತೆ ಮೊದಲಿನಿಂದ ಹೇಳ್ಲಾ ಅಂದ, ಬೇಡ ಅಜ್ಜ ಮುಂದುವರಿಸು ಅಂದೆ, ಏ ಹುಡುಗ, ಈ ಹತ್ತನೇದರ ಮೇಲೆ ಕೂತೇ ನಮ್ಮವ್ವ ಹೆರಿಗೆನೋವು ತಿಂದದ್ದು, ನಾನು ಹುಟ್ಟಿದ್ದು ಈ ಕಡೆ, ಆ ಕಡೆ ಅಲ್ಲ, ಬರ್ಕೊ ಅಂದ. ಈ ಸೀಮೆಯಲ್ಲಿ ಜಮೀನಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಊರ ಯಜಮಾನ ವಿಡಾಲ್ ಈ ಲ್ಯಾಪ್‌ಟಾಪನ್ನು ನನ್ನ ಕೈಗೆ ಒಪ್ಪಿಸುವಾಗ, ಮೇಷ್ಟ್ರೇ, ಇದು ಕಳೆದ್ರೆ ಸತ್ತೋರು ಎರಡ್ನೇ ಸಲ ಸಾಯ್ತಾರೆ, ಬದ್ಕಿರೋರು ಮೊದಲ್ನೇ ಸಲ ಸಾಯ್ತಾರೆ, ಅಂದ. ಪ್ರತಿ ಇಲ್ಲವೇ ಎಂದು ಕೇಳುವವರು ಕೇಳುತ್ತಾರೆ, ಕೇಳಲಿ, ಇದೆ, ಪೆನ್‌ಡ್ರೈವ್‌ನಲ್ಲಿದೆ, ಅದೂ ಲಂಗದ ಮಡಿಕೆಯಲ್ಲೇ ಇದೆ, ತಾಯಿ ಮಗು ಬೇರೆ ಬೇರೆ ಯಾಕೆ ಪ್ರಯಾಣ ಮಾಡ್ಬೇಕೋ ಎರ್ಮಿ, ಒಟ್ಟಿಗಿರ್ಲಿ ಬಿಡು ಎಂದು ಚಿಕ್ಕಮ್ಮ ತುರುಕಿದಳು, ನಾನು, ಇಪ್ಪತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು, ಹೌದಲ್ಲ ಅಂದೆ.

ಇದೇ ಬಸ್ಸಿನಲ್ಲಿ ಹೋದ ವರ್ಷ ದನದ ಡಾಕ್ಟರ ಲ್ಯಾಪ್‌ಟಾಪ್ ಹೋಯಿತು, ಮೇಲಿನ ಅಟ್ಟಣಿಗೆಯಲ್ಲಿಟ್ಟಿದ್ದರಂತೆ, ಬ್ಯಾಗಿನ ತಳ ಬ್ಲೇಡಿನಲ್ಲಿ ಸೀಳಿ ತೆಗೆದಿದ್ದರಂತೆ, ಅಂದಿನಿಂದ ಊರಿನ ಪ್ರತಿಯೊಬ್ಬರೂ ಈ ವಿಷಯದಲ್ಲಿ ಪಂಡಿತರು. ಹೊಟ್ಟೆಗೆ ಕಟ್ಕೊಳ್ಳಿ ಮೇಷ್ಟ್ರೇ, ಬಸುರಿ ಅಂದ್ಕೋತಾರೆ. ಸೀಟಿನ ಕಾಲಿಗೆ ಸರಪಳಿ ಹಾಕಿ. ಸರಪಳಿ ಹಾಕಿದ್ರೆ ಸೀಟೂ ಹೋಗುತ್ತೆ. ಕೊನೆಗೆ ಗೆದ್ದದ್ದು ಚಿಕ್ಕಮ್ಮನ ಮಾತು — ಈ ವರ್ಷ ಆಲೂಗಡ್ಡೆನ ಕಳ್ಳ ಅಲ್ಲ, ಹಂದೀನೂ ಮೂಸಲ್ಲ, ಅದರಲ್ಲಿಡು. ನಿಜ, ಬೆಲೆ ಬಿದ್ದು ಜನ ರಸ್ತೆಗೆ ಸುರಿಯುತ್ತಿದ್ದಾರೆ. ಅದರ ಮೇಲೆ ನನ್ನದೇ ಒಂದು ಜಾಣತನ, ಲ್ಯಾಪ್‌ಟಾಪಿನ ಕಪ್ಪು ಬ್ಯಾಗಿನಲ್ಲಿ ಶಾಲೆಯ ಮಾಡಿನ ಒಂದು ಹೆಂಚು ಇಟ್ಟುಕೊಂಡು, ಅದನ್ನು ಎದೆಗವಚಿಕೊಂಡು, ಕಳ್ಳನಿಗೆ ಬೇಕಾದರೆ ಇದನ್ನು ಒಯ್ಯಲಿ ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಹೆಂಚು ಭದ್ರವಾಗಿದೆ. ಅದರ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆ ಮನುಷ್ಯ ಕೂಡ ನೋಡಲಿಲ್ಲ, ಮುಂದಿನ ಸೀಟಿನ ಕಂದು ಹ್ಯಾಟಿನವನು, ಹ್ಯಾಟಿನ ಪಟ್ಟಿಯಲ್ಲಿ ದಬ್ಬಣ ಸಿಕ್ಕಿಸಿಕೊಂಡಿದ್ದ, ಆಲೂಗಡ್ಡೆ ವ್ಯಾಪಾರದವರೆಲ್ಲ ಸಿಕ್ಕಿಸಿಕೊಳ್ಳುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ, ಬಿಸಿಲಿಗೆ ಒಮ್ಮೆ ಮಿಂಚಿತು ಅಷ್ಟೆ.

ನಡುಹಗಲಿಗೆ ಕಿಶುವಾರಾದ ಹತ್ತಿರ ಬಸ್ಸು ನಿಂತಿತು, ರಸ್ತೆಗೆ ಅಡ್ಡ ಬಂಡೆ, ಹೊಗೆ ಬಿಡುವ ಟೈರು, ಬಾವುಟ, ಆಲೂಗಡ್ಡೆಗೆ ಬೆಲೆ ಕೊಡಿ ಎನ್ನುವ ಮುಷ್ಕರ, ಮುಷ್ಕರ ಎಂದ ಮೇಲೆ ಬೀದಿಯ ಹಂಡೆ, ತಡೆದವರೂ ತಡೆಸಿಕೊಂಡವರೂ ಒಂದೇ ಹಂಡೆಯಲ್ಲಿ ಉಣ್ಣುವುದು, ಪ್ರತಿ ಚೀಲದಿಂದ ಎರಡು ಬೊಗಸೆ, ಇದಕ್ಕೆ ಯಾರೂ ಯಾರನ್ನೂ ಕೇಳುವುದೂ ಇಲ್ಲ, ಬಸ್ಸಿನ ಹೊಟ್ಟೆ ತೆರೆದರು, ಚೀಲಗಳನ್ನು ಇಳಿಸಿದರು, ಹಸಿಂತಾ ಎನ್ನುವ ದಪ್ಪ ಹೆಂಗಸು ಸೌಟು ಹಿಡಿದು ಬಂದಳು. ಮೇಷ್ಟ್ರೇ, ನಿಮ್ದು ಬಿಚ್ಚಿ. ಇದು ಬೇಡ ತಾಯಿ. ಯಾಕೆ, ಕೊಳೆತಿದ್ಯಾ. ಇಲ್ಲ, ಇದು ಬಿತ್ತನೇದು. ಬಿತ್ತನೇದಾ, ಅಬನ್‌ಕಾಯ್ ಪೇಟೆಬೀದೀಲಿ ಬಿತ್ತೀರಾ, ಟಾರು ಉತ್ತಾಯ್ತಾ. ನಗು. ದುಡ್ಡು ಕೊಡ್ತೀನಿ ಅಂದೆ, ಅಯ್ಯೋ ನನ್ನ ಬಾಯಿಗೆ ಬೂದಿ, ಹಂಡೆಗೆ ದುಡ್ಡು ಕೊಡ್ತೀನಿ ಅಂದವನು ಆಂಡಿಸ್ ಬೆಟ್ಟದಲ್ಲಿ ನಾನೇ ಮೊದಲನೆಯವನಿರಬೇಕು. ಕೇಳಿದ್ರೇನ್ರೇ, ದುಡ್ಡಂತೆ, ದುಡ್ಡು ಬೇಯ್ಸಿ ತಿನ್ನೋಣ ಬನ್ನಿ, ಅದೇನು ಮದುವೆ ಹೆಣ್ಣನ್ನ ತಬ್ಕೊಂಡ ಹಾಗೆ ತಬ್ಕೊಂಡಿದ್ದೀರಾ ಮೇಷ್ಟ್ರೇ, ಒಳಗೆ ಚಿನ್ನ ಇಟ್ಟಿದ್ದೀರೇನು. ಐವತ್ತು ಜನ ತಿರುಗಿ ಚೀಲ ನೋಡಿದರು. ಐವತ್ತು ಜನ. ಮೇಲಿನ ಎರಡು ಬೊಗಸೆ ಕೊಟ್ಟಿದ್ದರೆ ಲಂಗದ ಅಂಚು ಕೂಡ ಕಾಣುತ್ತಿರಲಿಲ್ಲ, ಅದು ಅಷ್ಟು ಆಳದಲ್ಲಿತ್ತು, ಎರಡೇ ಬೊಗಸೆ, ರಸ್ತೆಯ ಮೇಲೆ ಬಿದ್ದು ಚಕ್ರಕ್ಕೆ ಸಿಕ್ಕುತ್ತಿದ್ದ ಅದೇ ಆಲೂಗಡ್ಡೆ. ಕಳ್ಳ ಮುಟ್ಟದ ವಸ್ತುವಿನ ವೇಷ ಹಾಕಿಸಿದ ಮೇಲೆ ಆ ವೇಷಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕಿತ್ತು, ಆಲೂಗಡ್ಡೆಯಾದರೆ ಹಂಡೆಗೆ ಬೀಳುತ್ತದೆ, ಹಂಡೆಗೆ ಬೀಳದ್ದು ಆಲೂಗಡ್ಡೆಯಲ್ಲ, ಮೂರನೆಯ ತರಗತಿಯ ಮಗುವಿಗೂ ಹೊಳೆಯುವ ಲೆಕ್ಕ.

ಆಗ ಕಂದು ಹ್ಯಾಟಿನವನು ಬಂದ, ಎಷ್ಟು ಮೆತ್ತಗಿನ ಮನುಷ್ಯ, ನಂಗೆ ಅಬ್ದೋನ್ ಅಂತಾರೆ ಮೇಷ್ಟ್ರೇ, ಬಿಚ್ಚೋದಾದ್ರೆ ಬಿಚ್ಚಿ, ಆಮೇಲೆ ನಾನೇ ಹೊಲಿದ್ಕೊಡ್ತೀನಿ, ದಬ್ಬಣ ಇದೆಯಲ್ಲ. ಹ್ಯಾಟು ಮುಟ್ಟಿ ತೋರಿಸಿದ. ಬೇಡಪ್ಪ ಅಂದೆ. ಬೇಡ ಅಂದ್ರೆ ಬೇಡ, ಬಿಡ್ರಮ್ಮ, ಅವರದ್ದೇನೋ ಹರಕೆ ಇರುತ್ತೆ, ಅವರ ಪಾಲು ನಂದ್ರಲ್ಲಿ ತಗೊಳ್ಳಿ, ಎಂದು ತನ್ನ ಚೀಲದಿಂದ ನಾಲ್ಕು ಬೊಗಸೆ ಹಾಕಿದ, ಸಾರು ಬಂದಾಗ ನನ್ನ ಬಟ್ಟಲಿಗೆ ತನ್ನ ಗಡ್ಡೆಯನ್ನೇ ಸುಲಿದು ಹಾಕಿದ, ಅಗಿಯಲು ಕೋಕಾ ಎಲೆ ಕೊಟ್ಟ, ವಿಚಾರಣೆಯೇ ನಾಳೆ, ಭಾಳ ಮುಖ್ಯದ್ದೇ, ಎಂದು ಕೇಳಿದ, ಇಡೀ ಬಸ್ಸಿನಲ್ಲಿ ನನ್ನನ್ನು ಮನುಷ್ಯ ಎಂದು ಕಂಡವನು ಅವನೊಬ್ಬ, ಹೌದು ಭಾಳ ಮುಖ್ಯದ್ದು ಅಂದೆ. ಅವನ ಗಡ್ಡೆ ಇನ್ನೂ ನನ್ನ ಹೊಟ್ಟೆಯಲ್ಲಿ ಭಾರವಾಗಿದೆ. ಮೂರು ಗಂಟೆಗೆ ಮಾತುಕತೆ ಮುಗಿಯಿತು, ರಸ್ತೆ ಬಿಡುತ್ತಾರಂತೆ, ಗಂಡಸರೆಲ್ಲ ಬನ್ರೋ ಬಂಡೆ ಸರಿಸೋಕೆ, ಮೇಷ್ಟ್ರು ಬರ್ತಾರೋ ಅಥವಾ ಬಂಡೇನೂ ಬಿತ್ತನೇದೋ, ಎಂದು ಹಸಿಂತಾ ಕೂಗಿದಳು, ಮತ್ತೆ ನಗು, ಹಂಡೆಗೂ ಇಲ್ಲ ಬಂಡೆಗೂ ಇಲ್ಲ ಎಂದರೆ ನಮ್ಮೂರಿನ ಹೆಸರು ಈ ದಾರಿಯಲ್ಲಿ ಮತ್ತೆ ಎತ್ತುವ ಹಾಗಿಲ್ಲ, ನಾನು ಹೋದೆ. ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಹೆಂಚಿನ ಬ್ಯಾಗನ್ನು ಮಾತ್ರ ಹೆಗಲಿಗೆ ಹಾಕಿಕೊಂಡು, ಅಷ್ಟು ಎಚ್ಚರ ನನಗೆ, ಅರ್ಧ ಗಂಟೆ ಹೆಗಲಲ್ಲಿ ಹೆಂಚು ಹೊತ್ತು ಬಂಡೆ ಉರುಳಿಸಿದೆ, ಬೆರಳು ಜಜ್ಜಿತು, ಬೆನ್ನು ತಟ್ಟಿದರು. ಬಂಡೆ ಸರಿಸಿದವರಲ್ಲಿ ಕಂದು ಹ್ಯಾಟು ಇತ್ತೇ. ಇತ್ತು ಅನ್ನಿಸುತ್ತದೆ. ಹ್ಯಾಟು ಎಲ್ಲರ ತಲೆಯ ಮೇಲೂ ಇತ್ತು. ವಾಪಸು ಬಂದಾಗ ಚೀಲ ಇದ್ದಲ್ಲೇ ಇತ್ತು, ನೀಲಿ ಹುರಿ ಬಿಗಿಯಾಗಿತ್ತು, ದೇವರೇ ಎಂದು ಕೂತೆ. ಮುಂದಿನ ಸೀಟು ಖಾಲಿ. ಅವರಾ, ಇಲ್ಲೇ ತಂಗಿ ಮನೆ ಇದೆ ಅಂತ ಇಳ್ಕೊಂಡ್ರು, ಎಂದ ಡ್ರೈವರ್. ತಂಗಿ ಇರುತ್ತಾಳೆ, ಎಲ್ಲರಿಗೂ ತಂಗಿಯರಿರುತ್ತಾರೆ, ನಾಲ್ಕು ಬೊಗಸೆ ಕೊಟ್ಟವನ ಮೇಲೆ ಅನುಮಾನ ಪಡುವ ನನ್ನ ಬಾಯಿಗೆ ಹುಳ ಬೀಳಲಿ, ಎಂದುಕೊಂಡೇ ಬಗ್ಗಿ ನೋಡಿದ್ದು. ಬಲಕ್ಕೆ.

ದೀಪ ಹೊತ್ತುವ ಹೊತ್ತಿಗೆ ಅಬನ್‌ಕಾಯ್, ನಿಲ್ದಾಣದಲ್ಲಿ ಎಲ್ಲರೂ ಇಳಿದರು, ಹಸಿಂತಾಳ ಹಂಡೆಯಲ್ಲಿ ಉಂಡವರೆಲ್ಲ ತಮ್ಮ ತಮ್ಮ ನೆಂಟರ ಜೊತೆ ಹೊರಟರು, ದೀಪದ ಕಂಬದ ಕೆಳಗೆ ಚೀಲ ಇಟ್ಟುಕೊಂಡು ನಾನು ಕೂತಿದ್ದೇನೆ, ಬಿಚ್ಚಲು ಚಾಕುವಿಲ್ಲ, ಹಲ್ಲಿನಲ್ಲಿ ಕಚ್ಚಿದೆ, ಹುರಿ ಪ್ಲಾಸ್ಟಿಕ್ ರುಚಿ, ಒಂದೊಂದೇ ಹೊಲಿಗೆ ಬಿಡುತ್ತದೆ, ಒಂದೇ ಅಳತೆ, ಒಂದೇ ಓರೆ, ನನ್ನ ಚಿಕ್ಕಮ್ಮನಿಗಿಂತ ಚಂದದ ಹೊಲಿಗೆ, ನಡುವೆ ಎಲ್ಲೂ ಅವಸರವಿಲ್ಲ, ಅರ್ಧ ಗಂಟೆ ನಾನೇ ಕೊಟ್ಟಿದ್ದೆನಲ್ಲ. ಮೇಲಿನ ಗಡ್ಡೆ ತೆಗೆದೆ, ಕೆಳಗಿನದು ತೆಗೆದೆ, ಕೈಯನ್ನು ಮೊಣಕೈವರೆಗೆ ಇಳಿಸಿದೆ, ಉಣ್ಣೆ ಸಿಕ್ಕಿತು, ಸಿಕ್ಕಿತು, ಎಳೆದೆ. ಹಗುರ. ಲಂಗವನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟಿದ್ದಾನೆ, ಮರ್ಯಾದಸ್ಥ, ಕೊಡವಿದೆ, ಮತ್ತೆ ಕೊಡವಿದೆ, ಪೆನ್‌ಡ್ರೈವ್ ಬೀಳಲಿಲ್ಲ, ತಾಯಿ ಮಗು ಒಟ್ಟಿಗೇ ಹೊರಟಿವೆ. ಒಂಬತ್ತನೆಯ ಕಲ್ಲು, ಕೋಳಿ, ಹತ್ತನೆಯ ಕಲ್ಲಿನ ಮೇಲೆ ಅಜ್ಜನ ಅವ್ವ, ಹನ್ನೊಂದನೆಯದು ಯಾವುದು, ಎಷ್ಟು ಸಲ ಕೇಳಿದ್ದೇನೆ, ಹನ್ನೊಂದನೆಯದು — ನೆನಪಿಗೆ ಬರುವುದು ಬಿಸಿಲಲ್ಲಿ ಮಿಂಚಿದ ದಬ್ಬಣ, ಹನ್ನೆರಡನೆಯದು, ಹ್ಯಾಟಿನ ಪಟ್ಟಿಯಲ್ಲಿ ದಬ್ಬಣ, ಬಿಚ್ಚಿ ಮೇಷ್ಟ್ರೇ ಆಮೇಲೆ ನಾನೇ ಹೊಲಿದ್ಕೊಡ್ತೀನಿ, ಹೊಲಿದುಕೊಟ್ಟ, ಮಾತಿಗೆ ತಪ್ಪಲಿಲ್ಲ, ದಬ್ಬಣ, ಅದರ ಕಣ್ಣಿನಲ್ಲಿ ಒಂದು ಗೇಣು ನೀಲಿ ಹುರಿ, ಬೆಳಿಗ್ಗೆಯೇ ಪೋಣಿಸಿಟ್ಟಿದ್ದ, ದಬ್ಬಣ.

ಆಲೂಗಡ್ಡೆ ಒಂದೂ ಹೋಗಿರಲಿಲ್ಲ.